ಓದುಗರಿಗೆ ಲೆಕ್ಕ ಒಪ್ಪಿಸಿದ ಆರೋಗ್ಯ ಗ್ರಂಥಕರ್ತ: ಗಾಂಧೀಜಿ

ಮೋಹನದಾಸ ಕರಮಚಂದ ಗಾಂಧಿಯವರ ಬರಹಗಳಲ್ಲಿ ಅತಿ ಹೆಚ್ಚು ಜನರನ್ನು ತಲುಪಿದ್ದು ಯಾವುದು ಎಂದು ಕೇಳಿದರೆ ಬಹುತೇಕರು ಆತ್ಮಕಥೆಯನ್ನೋ ಹಿಂದ್ ಸ್ವರಾಜ್ ಕೃತಿಯನ್ನೋ ಹೆಸರಿಸುತ್ತಾರೆ. ಆದರೆ ಸ್ವತಃ ಗಾಂಧೀಜಿಯವರು ಕೊಟ್ಟ ಉತ್ತರ ಬೇರೆಯೇ ಆಗಿತ್ತು. ದಕ್ಷಿಣ ಆಫ್ರಿಕದಲ್ಲಿದ್ದಾಗ ತಮ್ಮದೇ ಪತ್ರಿಕೆಯಲ್ಲಿ, ತಮ್ಮದೇ ಮುದ್ರಣಾಲಯದಲ್ಲಿ ಅಚ್ಚು ಹಾಕಿದ ಆರೋಗ್ಯ ಕುರಿತ ಲೇಖನಮಾಲೆಯೇ ತಮ್ಮ ಬರಹಗಳಲ್ಲೆಲ್ಲ ಹೆಚ್ಚು ಜನಪ್ರಿಯವಾದದ್ದು ಎಂದು ಅವರು ಒಂದಕ್ಕಿಂತ ಹೆಚ್ಚು ಬಾರಿ ಬರೆದಿದ್ದಾರೆ. ಅದಕ್ಕೆ ಕಾರಣವೇನೆಂಬುದು ಅವರಿಗೂ ಕೊನೆಯವರೆಗೆ ಬಗೆಹರಿಯಲಿಲ್ಲ. ವೈದ್ಯರಲ್ಲದ ಒಬ್ಬ ಬ್ಯಾರಿಸ್ಟರ್ ಬರೆದ ಆ ಪುಸ್ತಕವನ್ನು ನಂಬಿ ಪೂರ್ವ ಪಶ್ಚಿಮಗಳ ಅನೇಕರು ತಮ್ಮ ಊಟ ಬದಲಿಸಿಕೊಂಡರು. ಈ ನಂಬಿಕೆಯ ಭಾರವನ್ನು ಗಾಂಧೀಜಿ ಮೂವತ್ತು ವರ್ಷಗಳ ಕಾಲ ಹೊತ್ತರು.

ಬಸ್ ನಿಲ್ದಾಣಗಳಲ್ಲಿ, ಜಾತ್ರೆಗಳಲ್ಲಿ ಮನೆಮದ್ದಿನ ಪುಸ್ತಿಕೆಗಳನ್ನು ಕೊಂಡವರಿಗೆ ಗೊತ್ತಿರುವಂತೆ, ಇಂಥ ಪುಸ್ತಕಗಳ ಹಿಂಬದಿಯಲ್ಲಿ ಗುಣ ಹೊಂದಿದವರ ಪತ್ರಗಳೇ ಇರುತ್ತವೆ. ಗುಣ ಹೊಂದದವರ ಪತ್ರ ಎಲ್ಲಿಯೂ ಇರುವುದಿಲ್ಲ. ಗಾಂಧೀಜಿಯವರ ಪುಸ್ತಕದ ಕಥೆ ಇಲ್ಲಿಯೇ ಉಳಿದವುಗಳಿಂದ ಬೇರೆಯಾಗುತ್ತದೆ.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದ ಗಾಂಧಿ 1888ರಲ್ಲಿ ಕಾನೂನು ಕಲಿಯಲು ಲಂಡನ್ನಿಗೆ ಹೊರಟಾಗ, ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಅಲ್ಲಿ ಬೆಂದ ಸಪ್ಪೆ ತರಕಾರಿ ತಿಂದು ಹಸಿದ ಹೊಟ್ಟೆಯಲ್ಲಿ ಬೀದಿ ಸುತ್ತುತ್ತಿದ್ದ ತರುಣನಿಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಉಪಾಹಾರ ಗೃಹ ಕಣ್ಣಿಗೆ ಬಿತ್ತು. ಬಾಗಿಲ ಬಳಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಅವರ ಸಸ್ಯಾಹಾರ ಸಮರ್ಥನೆಯ ಪುಸ್ತಕವನ್ನು ಒಂದು ಶಿಲ್ಲಿಂಗ್ ಕೊಟ್ಟು ಕೊಂಡು ಊಟಕ್ಕೆ ಕುಳಿತರು. ಅದುವರೆಗೆ ತಾಯಿಗೆ ಕೊಟ್ಟ ಮಾತಿಗಾಗಿ ಸಸ್ಯಾಹಾರಿಯಾಗಿದ್ದವರು ಆ ಪುಸ್ತಕ ಓದಿದ ಮೇಲೆ ಸ್ವಂತ ಒಪ್ಪಿಗೆಯಿಂದ ಸಸ್ಯಾಹಾರಿಯಾದರು. ಒಂದು ಶಿಲ್ಲಿಂಗ್‌ನ ಪುಸ್ತಕ ಮನುಷ್ಯನನ್ನು ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದನ್ನು ಅವರು ಮೊದಲು ಓದುಗರಾಗಿಯೇ ಅರಿತರು.

ಮುಂದೆ ಹೋವರ್ಡ್ ವಿಲಿಯಮ್ಸ್, ಅನ್ನಾ ಕಿಂಗ್ಸ್‌ಫರ್ಡ್, ವೈದ್ಯ ಆಲಿನ್ಸನ್ ಮೊದಲಾದವರ ಬರಹಗಳನ್ನೂ ಓದಿದರು. ಓದಿದ್ದನ್ನು ತಮ್ಮ ತಟ್ಟೆಯಲ್ಲಿ ಪರೀಕ್ಷಿಸದೆ ಬಿಡುವ ಸ್ವಭಾವ ಅವರದಾಗಿರಲಿಲ್ಲ. ಲಂಡನ್ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೂ ಸೇರಿದರು. ಆ ಸಂಘದ ಅಧ್ಯಕ್ಷ ಎ.ಎಫ್. ಹಿಲ್ಸ್ ದೊಡ್ಡ ಹಡಗು ಕಾರ್ಖಾನೆಯ ಒಡೆಯರು. ಸಂಘ ನಡೆಯುತ್ತಿದ್ದದ್ದು ಬಹುಮಟ್ಟಿಗೆ ಅವರ ಹಣದಿಂದ. ಸಂತಾನ ನಿಯಂತ್ರಣವನ್ನು ಪ್ರಚಾರ ಮಾಡುತ್ತಿದ್ದ ಆಲಿನ್ಸನ್ ಅವರನ್ನು ಸಂಘದಿಂದ ತೆಗೆಯಬೇಕೆಂದು ಹಿಲ್ಸ್ ಬಯಸಿದಾಗ, ಆಲಿನ್ಸನ್ನರ ಅಭಿಪ್ರಾಯವನ್ನು ಒಪ್ಪದಿದ್ದರೂ ಅವರನ್ನು ತೆಗೆಯುವುದು ಸರಿಯಲ್ಲವೆಂದು ಗಾಂಧಿ ನಿಂತರು. ಮಾತನಾಡಲು ಸಂಕೋಚವಾಗಿ ಭಾಷಣವನ್ನು ಬರೆದುಕೊಂಡು ಹೋಗಿದ್ದರು. ಅದನ್ನು ಓದುವ ಧೈರ್ಯವೂ ಬಾರದೆ ಬೇರೊಬ್ಬರು ಓದಬೇಕಾಯಿತು. ಆ ಪಕ್ಷ ಸೋತಿತು.

ಅದೇ ಹಿಲ್ಸ್ ಅವರಿಗೆ ಬೇಯಿಸದ ಆಹಾರದಲ್ಲಿ ಜೀವಶಕ್ತಿ ಅಡಗಿದೆಯೆಂಬ ಸಿದ್ಧಾಂತವಿತ್ತು. 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿದ್ದ ಗಾಂಧಿ ಅದನ್ನು ತಮ್ಮ ಮೇಲೆ ಪ್ರಯೋಗಿಸಿಕೊಂಡರು. ನೀರಿನಲ್ಲಿ ನೆನೆಸಿದ ಗೋಧಿ, ಅಕ್ಕಿ, ಬಟಾಣಿ, ಜೊತೆಗೆ ಒಣದ್ರಾಕ್ಷಿ, ಬೀಜಗಳು, ಕಿತ್ತಳೆ ಹಣ್ಣು. ಪ್ರತಿದಿನ ಏನು ತಿಂದರು, ಹೇಗನಿಸಿತು ಎಂಬುದನ್ನು ದಿನಚರಿಯಲ್ಲಿ ಬರೆದಿಟ್ಟರು. ಶಕ್ತಿ ಕುಂದಿತು, ಹಸಿವು ಕಾಡಿತು, ಹತ್ತು ಹನ್ನೆರಡು ದಿನಗಳಲ್ಲಿ ಪ್ರಯೋಗ ನಿಂತಿತು. 1894ರ ಮಾರ್ಚ್‌ನಲ್ಲಿ ಲಂಡನ್ನಿನ ಸಸ್ಯಾಹಾರಿ ಪತ್ರಿಕೆಯಲ್ಲಿ ಈ ದಿನಚರಿ ಅಚ್ಚಾಯಿತು. ಸಿದ್ಧಾಂತದ ಕರ್ತೃವೇ ಅಧ್ಯಕ್ಷನಾಗಿದ್ದ ವಲಯದ ಪತ್ರಿಕೆಯಲ್ಲಿ, ಪ್ರಯೋಗ ಫಲಿಸಲಿಲ್ಲವೆಂಬ ವರದಿ. ಆಗ ಗಾಂಧಿಗೆ ಇಪ್ಪತ್ನಾಲ್ಕು ವರ್ಷ. ಅವರ ಆರೋಗ್ಯ ಬರವಣಿಗೆಯಲ್ಲಿ ಇದಕ್ಕಿಂತ ನಿರ್ಮಲವಾದ ಬರಹ ಮತ್ತೊಂದಿಲ್ಲ ಎಂದರೂ ತಪ್ಪಾಗದು.

ಉತ್ಸಾಹಕ್ಕೆ ದಂಡ ತೆತ್ತ ಪ್ರಸಂಗವೂ ಉಂಟು. ಜೊಹಾನ್ಸ್‌ಬರ್ಗ್‌ನಲ್ಲಿ ಒಬ್ಬ ಮಹಿಳೆ ಸಸ್ಯಾಹಾರಿ ಉಪಾಹಾರ ಗೃಹವನ್ನು ವಿಸ್ತರಿಸಲು ನೆರವು ಕೇಳಿದಾಗ, ಕಕ್ಷಿದಾರ ಬದ್ರಿ ತಮ್ಮಲ್ಲಿ ಇಟ್ಟಿದ್ದ ಹಣದಿಂದ ಸುಮಾರು ಒಂದು ಸಾವಿರ ಪೌಂಡುಗಳನ್ನು ಅವನ ಒಪ್ಪಿಗೆ ಪಡೆದು ಕೊಟ್ಟರು. ಹಣ ಹಿಂದಿರುಗಲಿಲ್ಲ. ಬದ್ರಿಗೆ ನಷ್ಟವಾಗಬಾರದೆಂದು ಅಷ್ಟನ್ನೂ ತಾವೇ ತುಂಬಿದರು.

ಮಲಬದ್ಧತೆ ಹಾಗೂ ತಲೆನೋವು ಅವರನ್ನು ಬಹುಕಾಲ ಕಾಡಿದ್ದವು. ಲೂಯಿ ಕೂನೆಯ ಜಲಚಿಕಿತ್ಸೆ, ಅಡಾಲ್ಫ್ ಜಸ್ಟ್‌ನ ಮಣ್ಣಿನ ಚಿಕಿತ್ಸೆಗಳ ಪುಸ್ತಕಗಳನ್ನು ಓದಿ, ಒದ್ದೆ ಮಣ್ಣನ್ನು ಬಟ್ಟೆಯಲ್ಲಿ ಹರಡಿ ಹೊಟ್ಟೆಗೆ ಕಟ್ಟಿಕೊಂಡು ಮಲಗತೊಡಗಿದರು. ಗುಣ ಕಂಡಿತು. ಅಲ್ಲಿಂದ ಮನೆಯವರ ಮೇಲೂ ಜೊತೆಗಾರರ ಮೇಲೂ ಪ್ರಯೋಗ ನಡೆಯಿತು.

1902ರಲ್ಲಿ ಮುಂಬೈಯಲ್ಲಿದ್ದಾಗ ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಶೀತ ಜ್ವರ, ಜೊತೆಗೆ ನ್ಯುಮೋನಿಯಾ ಲಕ್ಷಣ. ಪಾರ್ಸಿ ವೈದ್ಯರು ಮೊಟ್ಟೆ, ಕೋಳಿಸಾರು ಕೊಡಬೇಕೆಂದರು. ಗಾಂಧಿ ಒಪ್ಪದೆ ಕಿತ್ತಳೆ ರಸದ ಮೇಲೆ ಇಟ್ಟು, ಕೂನೆಯ ಪದ್ಧತಿಯಂತೆ ಸ್ನಾನ ಮಾಡಿಸಿದರು. ಜ್ವರ 104 ಡಿಗ್ರಿಯಿಂದ ಇಳಿಯಲಿಲ್ಲ. ಒದ್ದೆ ಚಾದರದಲ್ಲಿ ಮಗುವನ್ನು ಸುತ್ತಿ, ಮೇಲೆ ಕಂಬಳಿ ಹೊದಿಸಿ, ಕಸ್ತೂರಬಾ ಅವರ ವಶಕ್ಕೆ ಒಪ್ಪಿಸಿ, ತಳಮಳ ತಾಳಲಾರದೆ ಚೌಪಾಟಿಯ ಕಡೆ ನಡೆದುಹೋದರು. ಮರಳಿದಾಗ ಮಗು ಬೆವರಿತ್ತು, ಜ್ವರ ಇಳಿಯತೊಡಗಿತ್ತು. ಮುಂದೆ ಈ ಪ್ರಸಂಗವನ್ನು ಬರೆಯುವಾಗ ಗಾಂಧೀಜಿ ಜಲಚಿಕಿತ್ಸೆಯ ಜಯವೆಂದು ಡಂಗುರ ಸಾರಲಿಲ್ಲ. ದೇವರ ದಯೆಯೋ, ನೀರೋ, ಪಥ್ಯವೋ, ಆರೈಕೆಯೋ, ಯಾವುದು ಕಾರಣವೆಂದು ಯಾರು ಹೇಳಬಲ್ಲರು ಎಂದು ಪ್ರಶ್ನೆಯನ್ನು ತೆರೆದೇ ಬಿಟ್ಟರು. ಆದರೆ ಮಗುವಿನ ಪ್ರಾಣವನ್ನು ಪಣಕ್ಕಿಟ್ಟ ಪ್ರಯೋಗ ಅದು ಎಂಬುದನ್ನೂ ಮರೆಯಲಾಗದು.

1904ರಲ್ಲಿ ಜೊಹಾನ್ಸ್‌ಬರ್ಗ್‌ನ ಭಾರತೀಯರ ಬಡಾವಣೆಯಲ್ಲಿ ಪ್ಲೇಗ್ ಬಂದಾಗಲೂ ಹೀಗೆಯೇ. ಒಂದು ಗೋದಾಮಿನಲ್ಲಿ ಮಲಗಿಸಿದ್ದ 23 ರೋಗಿಗಳಿಗೆ ಬ್ರಾಂದಿ ಕೊಡುವ ಕ್ರಮ ನಡೆದಿತ್ತು. ವೈದ್ಯ ಗಾಡ್‌ಫ್ರೆ ಅವರ ಅನುಮತಿ ಪಡೆದು, ಬ್ರಾಂದಿ ಬೇಡವೆಂದ ಮೂವರಿಗೆ ಗಾಂಧಿ ತಲೆ ಮತ್ತು ಎದೆಗೆ ಮಣ್ಣಿನ ಪಟ್ಟಿ ಕಟ್ಟಿದರು. ಆ ಮೂವರಲ್ಲಿ ಇಬ್ಬರು ಬದುಕಿದರು. ಗೋದಾಮಿನಲ್ಲಿ ಇಪ್ಪತ್ತು ಮಂದಿ ಸತ್ತರು. ಇಬ್ಬರು ಹೇಗೆ ಉಳಿದರೆಂದು ಹೇಳಲಾರೆನೆಂದು ಬರೆಯುತ್ತಲೇ, ಮಣ್ಣಿನ ಮೇಲಿನ ನಂಬಿಕೆ ಹೆಚ್ಚಿತೆಂದೂ ಒಪ್ಪಿಕೊಂಡರು. ಮೂರು ರೋಗಿಗಳಿಂದ ಯಾವ ಚಿಕಿತ್ಸೆಯೂ ಸಿದ್ಧವಾಗುವುದಿಲ್ಲ. ಅದನ್ನು ಇಂದಿನ ಓದುಗ ಸುಲಭವಾಗಿ ಹೇಳಬಹುದು. ಸಂಖ್ಯೆಗಳನ್ನು ಮುಚ್ಚಿಡದೆ ಕೊಟ್ಟಿದ್ದರಿಂದಲೇ ಹಾಗೆ ಹೇಳಲು ಸಾಧ್ಯವಾಗಿದೆ.

1903ರ ಜೂನ್‌ನಲ್ಲಿ ಆರಂಭವಾದ ಇಂಡಿಯನ್ ಒಪಿನಿಯನ್ ವಾರಪತ್ರಿಕೆ 1904ರ ಕೊನೆಗೆ ಡರ್ಬನ್ ಸಮೀಪದ ಫೀನಿಕ್ಸ್ ಆಶ್ರಮಕ್ಕೆ ಸ್ಥಳಾಂತರಗೊಂಡಿತು. ಅದಕ್ಕಾಗಿ ಗಾಂಧಿ ತಮ್ಮ ಗಳಿಕೆಯನ್ನೆಲ್ಲ ಸುರಿದರು. ಉತ್ತುಂಗದಲ್ಲಿ ಅದಕ್ಕೆ ಸುಮಾರು 3500 ಚಂದಾದಾರರಿದ್ದರು. ಕೆಲಕಾಲದ ನಂತರ ಜಾಹೀರಾತುಗಳನ್ನೂ ಹೊರಗಿನ ಮುದ್ರಣ ಕೆಲಸವನ್ನೂ ಕೈಬಿಟ್ಟರು. ಆರೋಗ್ಯದ ಬಗ್ಗೆ ಬರೆಯುವ ಪತ್ರಿಕೆಗೆ ಇದು ಚಿಕ್ಕ ಸಂಗತಿಯಲ್ಲ. ಪಕ್ಕದ ಅಂಕಣದಲ್ಲಿ ಶಕ್ತಿವರ್ಧಕ ಔಷಧದ ಜಾಹೀರಾತು ಇರದಿದ್ದರೆ ಲೇಖಕ ಯಾರ ಮುಲಾಜಿಗೂ ಒಳಗಾಗಬೇಕಿಲ್ಲ.

1913ರ ಜನವರಿಯಿಂದ ಆಗಸ್ಟ್‌ವರೆಗೆ ಈ ಪತ್ರಿಕೆಯ ಗುಜರಾತಿ ವಿಭಾಗದಲ್ಲಿ ಆರೋಗ್ಯದ ಸಾಮಾನ್ಯ ಜ್ಞಾನ ಕುರಿತ 34 ಕಂತುಗಳು ಪ್ರಕಟವಾದವು. ಗಾಳಿ, ನೀರು, ಆಹಾರ, ವ್ಯಾಯಾಮ, ಉಡುಪು, ಬ್ರಹ್ಮಚರ್ಯ; ನಂತರ ಜ್ವರ, ಭೇದಿ, ಸಿಡುಬು, ಹೆರಿಗೆ, ಹಾವು ಕಡಿತದವರೆಗೆ. ಮುಂದೆ ಇವು ಪುಸ್ತಕರೂಪ ತಾಳಿದವು. 1921ರಲ್ಲಿ ಮದರಾಸಿನ ಎಸ್. ಗಣೇಶನ್ ಅವರು ಎ. ರಾಮ ಅಯ್ಯರ್ ಅವರ ಇಂಗ್ಲಿಷ್ ಅನುವಾದವನ್ನು ಹೊರತಂದರು. ಅಲ್ಲಿಂದ ಪುಸ್ತಕ ಲೇಖಕನ ಕೈಮೀರಿ ಭಾಷೆಯಿಂದ ಭಾಷೆಗೆ ಹರಡಿತು. ಇಂಡಿಯನ್ ಒಪಿನಿಯನ್ ಹೆಸರನ್ನೇ ಕೇಳದವರು ಗಾಂಧೀಜಿಗೆ ಪತ್ರ ಬರೆಯತೊಡಗಿದರು.

ಅಷ್ಟರಲ್ಲಿ ಲೇಖಕನೇ ಬದಲಾಗಿದ್ದ. ತಾಯಿಯ ಹಾಲಿನ ನಂತರ ಮನುಷ್ಯನಿಗೆ ಬೇರೆ ಹಾಲು ಬೇಕಿಲ್ಲವೆಂಬುದು ಆ ಪುಸ್ತಕದ ಮುಖ್ಯ ಉಪದೇಶಗಳಲ್ಲಿ ಒಂದು. 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಗೆಳೆಯ ಕಾಲೆನ್‌ಬಾಖ್ ಜೊತೆಗೂಡಿ ಅವರು ಹಾಲು ಬಿಟ್ಟಿದ್ದರು. ಹಾಲಿಗಾಗಿ ಹಸು ಎಮ್ಮೆಗಳನ್ನು ಹಿಂಸಿಸುವ ಕ್ರಮವನ್ನು ಓದಿ ನೊಂದದ್ದೂ ಒಂದು ಕಾರಣ. ಆದರೆ 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯ ಭರ್ತಿಗಾಗಿ ಹಳ್ಳಿ ಹಳ್ಳಿ ಸುತ್ತುವಾಗ ಕಡಲೆಬೀಜ, ನಿಂಬೆಹಣ್ಣುಗಳ ಆಹಾರದಲ್ಲಿ ದೇಹ ಕುಗ್ಗಿ, ಆಮಶಂಕೆ ಹಿಡಿದು, ಸಾವಿನ ಅಂಚಿಗೆ ಬಂದರು. ಹಾಲಿಲ್ಲದೆ ಮೈ ತುಂಬದು ಎಂದು ವೈದ್ಯ ದಲಾಲ್ ಹೇಳಿದರು. ವ್ರತ ಅಡ್ಡಬಂತು. ವ್ರತ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆಗಳ ಹಾಲು ಮಾತ್ರವಲ್ಲವೇ, ಮೇಕೆ ಹಾಲಿಗೇನು ಅಡ್ಡಿ ಎಂಬ ದಾರಿ ತೋರಿಸಿದವರು ಕಸ್ತೂರಬಾ. ಗಾಂಧೀಜಿ ಮೇಕೆ ಹಾಲು ಕುಡಿದರು, ಬದುಕಿದರು. ವ್ರತದ ಅಕ್ಷರ ಉಳಿದು ಆತ್ಮ ಹೋಯಿತೆಂದು ಜೀವನವಿಡೀ ನೊಂದರು.

ಈಗ ಎದುರಾದದ್ದು ಪುಸ್ತಕದ ಪ್ರಶ್ನೆ. ಹಾಲು ಬೇಡವೆಂದು ಬರೆದವನು ಹಾಲು ಕುಡಿಯುತ್ತಿದ್ದಾನೆ. ಅವನ ಮಾತು ನಂಬಿ ಹಾಲು ಬಿಟ್ಟವರು ಎಲ್ಲೆಲ್ಲಿಯೋ ಇದ್ದಾರೆ. ಮೌನವಾಗಿರಬಹುದಿತ್ತು. ಪುಸ್ತಕ ಚೆನ್ನಾಗಿ ಮಾರಾಟವಾಗುತ್ತಿತ್ತು, ಜನರ ಗೌರವಕ್ಕೂ ಕೊರತೆಯಿರಲಿಲ್ಲ. 1925ರಿಂದ 1929ರವರೆಗೆ ನವಜೀವನ ಮತ್ತು ಯಂಗ್ ಇಂಡಿಯಾ ಪತ್ರಿಕೆಗಳಲ್ಲಿ ವಾರವಾರವೂ ಬಂದ ಆತ್ಮಕಥೆಯಲ್ಲಿ ಒಂದು ಅಧ್ಯಾಯವನ್ನೇ ಎಚ್ಚರಿಕೆಗೆಂದು ಮೀಸಲಿಟ್ಟರು. ತಮ್ಮ ಪುಸ್ತಕ ಓದಿ ಹಾಲು ಬಿಟ್ಟವರು, ಎಲ್ಲ ವಿಧದಲ್ಲೂ ಲಾಭ ಕಂಡಿದ್ದರೆ ಅಥವಾ ಅನುಭವಿ ವೈದ್ಯರ ಸಲಹೆಯಿದ್ದರೆ ಮಾತ್ರ ಮುಂದುವರಿಯಬೇಕು, ಇಲ್ಲದಿದ್ದರೆ ಹಟ ಹಿಡಿಯಬಾರದು ಎಂದು ತಿಳಿಸಿದರು. ಜೀರ್ಣಶಕ್ತಿ ಕುಂದಿದವರಿಗೂ ಹಾಸಿಗೆ ಹಿಡಿದವರಿಗೂ ಹಾಲಿಗೆ ಸಮನಾದ ಹಗುರ ಆಹಾರ ಕಾಣಲಿಲ್ಲವೆಂದೂ ಒಪ್ಪಿದರು. ಜೊತೆಗೆ ಓದುಗರಲ್ಲಿ ಒಂದು ಬೇಡಿಕೆ. ಹಾಲಿನಷ್ಟೇ ಪುಷ್ಟಿಯಾದ, ಅಷ್ಟೇ ಸುಲಭವಾಗಿ ಜೀರ್ಣವಾಗುವ ಸಸ್ಯಮೂಲದ ಆಹಾರ ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕು. ಆದರೆ ಅದು ಪುಸ್ತಕ ಓದಿ ಗೊತ್ತಾದದ್ದಾಗಿರಬಾರದು, ಸ್ವಂತ ಅನುಭವದಿಂದ ಬಂದದ್ದಾಗಿರಬೇಕು. ಓದುಗರ ಅಭಿಪ್ರಾಯ ಕೇಳಿದ ಲೇಖಕರು ಹಲವರಿದ್ದಾರೆ. ಅಭಿಪ್ರಾಯಕ್ಕೆ ಇಂಥ ಷರತ್ತು ಹಾಕಿದವರು ವಿರಳ.

ಆತ್ಮಕಥೆ ಕಂತುಕಂತಾಗಿ ಬರುತ್ತಿದ್ದ ಆ ವರ್ಷಗಳಲ್ಲಿಯೇ ಗಾಂಧೀಜಿಯವರ ದೇಹ ಮತ್ತೆ ಮುರಿಯಿತು. 1927ರ ಮಾರ್ಚ್‌ನಲ್ಲಿ ಪ್ರವಾಸದ ದಣಿವಿನಿಂದ ರಕ್ತದೊತ್ತಡ ಏರಿ ಕುಸಿದಾಗ, ವಿಶ್ರಾಂತಿಗೆ ಆರಿಸಿಕೊಂಡದ್ದು ಮೈಸೂರು ಸಂಸ್ಥಾನದ ನಂದಿಬೆಟ್ಟ. ಏಪ್ರಿಲ್‌ನಲ್ಲಿ ಬೆಟ್ಟಕ್ಕೆ ಬಂದ ಅವರು ಜೂನ್‌ನಲ್ಲಿ ಬೆಂಗಳೂರಿನ ಕುಮಾರಕೃಪಾ ಭಾಗಕ್ಕೆ ಇಳಿದರು. ಚೇತರಿಸಿಕೊಳ್ಳುತ್ತಿದ್ದ ರೋಗಿ ಸುಮ್ಮನಿರಲಿಲ್ಲ. ಬೆಂಗಳೂರಿನ ಇಂಪೀರಿಯಲ್ ಡೈರಿಗೆ ಹೋಗಿ, ಹಸು ಸಾಕಣೆ, ಹಾಲಿನ ನಿರ್ವಹಣೆಗಳನ್ನು ತಜ್ಞರಿಂದ ಕಲಿತರು. ಅಲ್ಲಿನ ಸಂದರ್ಶಕರ ಪುಸ್ತಕದಲ್ಲಿ ತಮ್ಮ ವೃತ್ತಿಯನ್ನು ರೈತ ಎಂದು ಬರೆದದ್ದು ಪ್ರಸಿದ್ಧ. ಹಾಲು ಬೇಡವೆಂದು ಹದಿನಾಲ್ಕು ವರ್ಷಗಳ ಹಿಂದೆ ಬರೆದವರು, ಹಾಲನ್ನು ಶುಚಿಯಾಗಿ ಹೇಗೆ ಪಡೆಯಬೇಕೆಂದು ಐವತ್ತೇಳನೆಯ ವಯಸ್ಸಿನಲ್ಲಿ ವಿದ್ಯಾರ್ಥಿಯಂತೆ ಕಲಿತರು.

ಇಷ್ಟಾದರೂ ಬೇಯಿಸದ ಆಹಾರದ ಆಸೆ ಹೋಗಿರಲಿಲ್ಲ. 1929ರಲ್ಲಿ ಆಂಧ್ರ ಪ್ರವಾಸದಲ್ಲಿ ರಾಜಮಹೇಂದ್ರಿಯ ಸುಂದರಂ ಗೋಪಾಲರಾವ್ ಅವರ ಪ್ರೇರಣೆಯಿಂದ ಮತ್ತೆ ಆರಂಭಿಸಿದರು. ಈ ಬಾರಿ ಆಶ್ರಮದ ಹಲವರೂ ಜೊತೆಯಾದರು. ಯಂಗ್ ಇಂಡಿಯಾದಲ್ಲಿ ವಿವರಗಳು ಅಚ್ಚಾದವು, ಓದುಗರಿಂದ ಅನುಭವಗಳನ್ನು ಆಹ್ವಾನಿಸಲಾಯಿತು, ಪತ್ರಗಳು ಬಂದವು. ಆಗಸ್ಟ್‌ನಲ್ಲಿ ಗಾಂಧೀಜಿಗೆ ಆಮಶಂಕೆಯಾಗಿ, ಮೇಕೆ ಹಾಲಿಗೆ ಮರಳಬೇಕಾಯಿತು. ಅದೂ ಅದೇ ಪತ್ರಿಕೆಯಲ್ಲಿ ಅಚ್ಚಾಯಿತು. 1893ರ ದಿನಚರಿ ಹೇಳಿದ್ದನ್ನೇ ಮೂವತ್ತಾರು ವರ್ಷಗಳ ನಂತರ ದೇಹ ಮತ್ತೆ ಹೇಳಿತ್ತು.

ಎಲ್ಲ ವಿಷಯದಲ್ಲಿಯೂ ಅವರು ಹೀಗೆ ತೆರೆದ ಮನಸ್ಸಿನವರಾಗಿದ್ದರು ಎನ್ನಲಾಗದು. ಸಿಡುಬಿನ ಲಸಿಕೆಯನ್ನು ಆ ಪುಸ್ತಕ ಕಟುವಾಗಿ ವಿರೋಧಿಸಿತ್ತು. ಕರುವಿನಿಂದ ತೆಗೆದ ದ್ರವವನ್ನು ದೇಹಕ್ಕೆ ಸೇರಿಸುವುದು ಅವರಿಗೆ ಹೇಯವೆನಿಸಿತ್ತು. 1930ರ ಆರಂಭದಲ್ಲಿ, ದಂಡಿ ಯಾತ್ರೆಗೆ ಮುನ್ನ, ಸಾಬರಮತಿ ಆಶ್ರಮದಲ್ಲಿ ಸಿಡುಬು ಕಾಣಿಸಿ ಮಕ್ಕಳು ಪ್ರಾಣ ಕಳೆದುಕೊಂಡರು. ಗಾಂಧೀಜಿ ಕಲಕಿಹೋದರು. ಲಸಿಕೆ ಹಾಕಿಸಲು ಬಯಸುವ ತಂದೆತಾಯಿಗಳನ್ನು ತಡೆಯಲಿಲ್ಲ. ಆದರೂ ತಮ್ಮ ನಿಲುವನ್ನು ಬಿಡಲಿಲ್ಲ. ಹಾಲಿನ ವಿಷಯದಲ್ಲಿ ಸ್ವಂತ ದೇಹದ ಸಾಕ್ಷಿಗೆ ತಲೆಬಾಗಿದವರು ಇಲ್ಲಿ ಇತರರ ದೇಹದ ಸಾಕ್ಷಿಗೆ ತಲೆಬಾಗಲಿಲ್ಲ. ಅದೇ ಲಸಿಕೆಯ ಬಲದಿಂದ ಭಾರತದಲ್ಲಿ 1975ರ ನಂತರ ಸಿಡುಬು ಕಾಣಲಿಲ್ಲ. 1980ರಲ್ಲಿ ಜಗತ್ತಿನಿಂದಲೇ ಅದು ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಅವರ ಆರೋಗ್ಯ ಬರಹಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡ ತಪ್ಪು.

1934ರ ಕೊನೆಯಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಸ್ಥಾಪನೆಯಾದ ಮೇಲೆ ಅವರ ಕ್ರಮದಲ್ಲಿ ಒಂದು ಬದಲಾವಣೆ ಕಾಣುತ್ತದೆ. ಮಿಲ್ಲಿನಲ್ಲಿ ಹೊಳಪು ಕೊಟ್ಟ ಅಕ್ಕಿ ಮೇಲೋ ಒರಳಿನಲ್ಲಿ ಕುಟ್ಟಿದ ಅಕ್ಕಿ ಮೇಲೋ, ಬೆಲ್ಲವೋ ಸಕ್ಕರೆಯೋ ಎಂಬ ಪ್ರಶ್ನೆಗಳನ್ನು ಅವರು ವೈದ್ಯರಿಗೂ ರಸಾಯನ ತಜ್ಞರಿಗೂ ಕಳುಹಿಸಿ, ಬಂದ ಉತ್ತರಗಳನ್ನು ಹರಿಜನ ಪತ್ರಿಕೆಯಲ್ಲಿ ಜನರ ಮುಂದಿಟ್ಟರು. ಕೂನೂರಿನ ಪೋಷಣಾ ಪ್ರಯೋಗಾಲಯದ ಸಂಶೋಧನೆಗಳಿಗೂ ಕಿವಿಗೊಟ್ಟರು. ಸೊಪ್ಪು, ಹುಣಸೆ, ತೌಡುಗಳ ಮೇಲೆ ಚರ್ಚೆ ನಡೆಯಿತು. ಇಂದು ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಬಸವಾಪಟ್ಟಣ, ಚನ್ನಗಿರಿ, ಹೊನ್ನಾಳಿ ಸೀಮೆಯ ಓದುಗರಿಗೆ ಅಕ್ಕಿಯ ಈ ವಾದ ಪರಕೀಯವೆನಿಸದು. ಹೊಳಪಿನ ಅಕ್ಕಿಯಲ್ಲಿ ತೌಡಿನ ಜೊತೆಗೆ ಬಿ ಜೀವಸತ್ವವೂ ಹೋಗುತ್ತದೆಂಬುದು ವಿಜ್ಞಾನ ಒಪ್ಪಿದ ಮಾತು; ಗಿರಣಿಯ ಬಿಳಿ ಅಕ್ಕಿಗೆ ಬೇಡಿಕೆ ಇಳಿದಿಲ್ಲವೆಂಬುದೂ ನಿಜ.

1942ರ ಆಗಸ್ಟ್‌ನಲ್ಲಿ ಬಂಧನಕ್ಕೊಳಗಾಗಿ ಪುಣೆಯ ಆಗಾ ಖಾನ್ ಅರಮನೆಯಲ್ಲಿದ್ದಾಗ, 15ರಂದು ಕಾರ್ಯದರ್ಶಿ ಮಹದೇವ ದೇಸಾಯಿ ನಿಧನರಾದರು. ಅದಾದ ಹನ್ನೆರಡು ದಿನಗಳಿಗೆ ಗಾಂಧೀಜಿ ತಮ್ಮ ಹಳೆಯ ಆರೋಗ್ಯ ಪುಸ್ತಕವನ್ನು ಹೊಸದಾಗಿ ಬರೆಯಲು ಕುಳಿತರು. ಹಳೆಯ ಪ್ರತಿ ಕೈಯಲ್ಲಿರಲಿಲ್ಲ. ಮೂಲ ಬರಹ ಸುಮಾರು 1906ರದೆಂದು ಮುನ್ನುಡಿಯಲ್ಲಿ ನೆನಪಿನಿಂದ ಬರೆದರು, ನಿಜವಾದ ವರ್ಷ 1913. ಡಿಸೆಂಬರ್‌ನಲ್ಲಿ ಬರವಣಿಗೆ ಮುಗಿಯಿತು. ಜೊತೆಗಿದ್ದ ವೈದ್ಯೆ ಸುಶೀಲಾ ನಯ್ಯರ್ ಅದನ್ನು ಇಂಗ್ಲಿಷಿಗೆ ತಂದರು. ಹೊಸ ಹೆಸರು ಆರೋಗ್ಯದ ಕೀಲಿಕೈ. ಅದೇ ಅರಮನೆಯಲ್ಲಿ 1944ರ ಫೆಬ್ರುವರಿ 22ರಂದು ಕಸ್ತೂರಬಾ ತೀರಿಕೊಂಡರು. ಕೊನೆಯ ಗಳಿಗೆಯಲ್ಲಿ ಮಗ ದೇವದಾಸ ತರಿಸಿದ ಪೆನಿಸಿಲಿನ್ ಚುಚ್ಚುಮದ್ದಿಗೆ ಗಾಂಧೀಜಿ ಒಪ್ಪಲಿಲ್ಲ. ಕೆಲವು ವಾರಗಳ ನಂತರ ಮಲೇರಿಯಾ ಬಂದಾಗ ತಾವು ಕ್ವಿನೈನ್ ತೆಗೆದುಕೊಂಡರು. ಇವೆರಡನ್ನೂ ಜೋಡಿಸಿ ಅವರನ್ನು ಟೀಕಿಸುವವರು ಇಂದಿಗೂ ಇದ್ದಾರೆ. ಉಳಿಯುವ ಆಸೆ ವೈದ್ಯರಿಗೇ ಇಲ್ಲದ ರೋಗಿಯನ್ನು ಚುಚ್ಚಿ ನೋಯಿಸುವುದೇಕೆ ಎಂಬ ಗಂಡನ ಸಂಕಟವೂ ಅಲ್ಲಿತ್ತು ಎನ್ನುವವರೂ ಇದ್ದಾರೆ.

ಬಿಡುಗಡೆಯ ನಂತರ 1946ರಲ್ಲಿ ಪುಣೆ ಸಮೀಪದ ಉರುಳಿ ಕಾಂಚನ್ ಗ್ರಾಮದಲ್ಲಿ ಬಡವರಿಗಾಗಿ ನಿಸರ್ಗ ಚಿಕಿತ್ಸಾ ಕೇಂದ್ರ ಆರಂಭಿಸಿದರು. 1948ರ ಜನವರಿ 30ರಂದು ದೆಹಲಿಯಲ್ಲಿ ಹತ್ಯೆಯಾದರು. ಆರೋಗ್ಯದ ಕೀಲಿಕೈ ಇಂಗ್ಲಿಷ್ ಆವೃತ್ತಿ ಅದೇ ವರ್ಷ ಅಹಮದಾಬಾದಿನ ನವಜೀವನ ಪ್ರಕಾಶನದಿಂದ ಹೊರಬಂತು. ಅದರಲ್ಲಿ ಕುಳಿತು ಕೆಲಸ ಮಾಡುವವರ ದಿನದ ಆಹಾರದ ಪಟ್ಟಿಯೊಂದಿದೆ. ಧಾನ್ಯ 6 ಔನ್ಸ್, ಸೊಪ್ಪು 3 ಔನ್ಸ್, ಇತರ ತರಕಾರಿ 5 ಔನ್ಸ್, ಹಸಿ ತರಕಾರಿ 1 ಔನ್ಸ್, ಒಂದಿಷ್ಟು ತುಪ್ಪ ಅಥವಾ ಬೆಣ್ಣೆ, ಒಂದಿಷ್ಟು ಬೆಲ್ಲ ಅಥವಾ ಸಕ್ಕರೆ. ಪಟ್ಟಿಯ ಮೊದಲ ಸಾಲಿನಲ್ಲಿರುವುದು ಹಸುವಿನ ಹಾಲು, 2 ಪೌಂಡ್. ಹಾಲು ಬೇಡವೆನ್ನುವ ಹಳೆಯ ಪುಸ್ತಕವೂ ಹಲವು ಪ್ರಕಾಶಕರಿಂದ ಅಂದಿನ ರೂಪದಲ್ಲಿಯೇ ಮರುಮುದ್ರಣಗೊಳ್ಳುತ್ತಲೇ ಇದೆ.